ಬಣ್ಣ ಬಿಟ್ಟ ಮೇಲೆ

ಸಂಡೂರಿನ ಸುತ್ತ ಎಲ್ಲವೂ ಕೆಂಪು:
ಅದಿರಿನ ಲಾರಿ, ಲಾರಿ ಹಾದ ಬೇವು,
ಬೇವಿನ ಕೆಳಗೆ ಒಣಹಾಕಿದ ಬಿಳಿ ಪಂಚೆ.
ಈ ಒಂದು ಮಗ್ಗುಲಲ್ಲಿ ಮಾತ್ರ ಬೂದುಗಲ್ಲು,
ಸುಣ್ಣದ ಕಲ್ಲು,
ಆನೆಯ ಮೊಣಕಾಲಿನ ಸುಕ್ಕು.
ಮಳೆ ಬಂದರೆ ಹಳ್ಳ ಇಲ್ಲಿಯವರೆಗೆ ಓಡಿಬಂದು
ಇಲ್ಲೇ, ಈ ಬಾರಿಗಿಡದ ಬುಡದಲ್ಲಿ,
ಗುಟುಕಿನ ಸದ್ದು ಮಾಡಿ ಕಾಣೆಯಾಗುತ್ತದೆ.

ಡಬ್ಬಿಯಲ್ಲಿ ಕುಂಕುಮದ ಹಾಗಿದ್ದದ್ದು
ನೀರು ಮುಟ್ಟಿದ ಕೂಡಲೆ ಗಿಳಿಹಸಿರು.
ನಾಲ್ಕು ಕೆಜಿ. ಆಷಾಢದ ಎರಡನೆಯ ಮಂಗಳವಾರ,
ಬೆಳಿಗ್ಗೆ ಏಳೂ ಹತ್ತು. ಪುಸ್ತಕದಲ್ಲಿ ಬರೆದೆ.
ಗಾದಿಲಿಂಗಪ್ಪ, ಸುಣ್ಣದ ಭಟ್ಟಿ ಸುಟ್ಟವರ ಮಗ,
ಜೇಬಿನಿಂದ ನಿಂಬೆಹಣ್ಣು ತೆಗೆದು
ಉಗುರಿನಲ್ಲಿ ಗೀರಿ ತನ್ನ ಗುರುತು ಮಾಡಿ
ಹಸಿರಿನ ಹಿಂದೆಯೇ ಬಿಟ್ಟ.
"ನಮ್ಮಜ್ಜ ಬಿಟ್ಟಿದ್ದು ತುಂಗಭದ್ರಾದಾಗ ಎದ್ದಿತ್ತಂತ್ರಿ.
ನಿಮ್ಮದು ಮೊದಲೋ ನಮ್ಮದು ಮೊದಲೋ, ನೋಡೂಣು."

ಒಂಬತ್ತು ಕಡೆ ಕಟ್ಟಿದ್ದೆ ಇದ್ದಿಲಿನ ಪೊಟ್ಟಣ,
ಸೊಳ್ಳೆಪರದೆಯ ಬಟ್ಟೆಯಲ್ಲಿ.
ಕಣ್ಣಿಗೆ ಕಾಣದ ಬಣ್ಣವನ್ನೂ ಇದ್ದಿಲು ಹಿಡಿದಿಡುತ್ತದೆ,
ಕಿರಾಣಿ ಅಂಗಡಿಯವ ಹಳೆ ಬಾಕಿ ಹಿಡಿದಿಟ್ಟ ಹಾಗೆ.
ನಕ್ಷೆ ಹೇಳಿತ್ತು: ಇಳಿಜಾರು ಉತ್ತರಕ್ಕೆ.
ಉತ್ತರದ ಒರತೆ. ಐದು ದಿನ.

ಐದು. ಎಂಟು. ಹನ್ನೊಂದು.
ಒರತೆಯ ಏಡಿಗಳ ಪರಿಚಯವಾಯಿತು.
ಸಂಜೆಯಾದರೆ ಬೇಲಿಯಾಚೆಯಿಂದ ಗಾದಿಲಿಂಗಪ್ಪ:
"ಬಂತೇನ್ರಿ ಹಣ್ಣು?"
ಇಲ್ಲ.
"ಬಣ್ಣ?"
ನಾನು ಪುಸ್ತಕದ ಹಾಳೆ ತಿರುವುತ್ತಿದ್ದೆ.

ಹಂಪಮ್ಮ ಚಹಾ ಕೊಡುತ್ತಾಳೆ.
ಪಾತ್ರೆಯ ತಳದ ಬಿಳಿ ಪರೆಯನ್ನು ಚಮಚದಲ್ಲಿ ಕೆರೆಯುತ್ತ
ನೀರನ್ನು ಬೈಯುತ್ತಾಳೆ, ಜೊತೆಗೆ ಗಂಡನನ್ನೂ.
ಉದುರಿದ ಚೂರೊಂದನ್ನು ಬೆರಳಲ್ಲಿ ಉಜ್ಜಿದೆ:
ಗುಡ್ಡ.
ಭಟ್ಟಿಯ ಬೆಂಕಿ ಕಾಣದೆಯೇ ಕರಗಿ,
ಕತ್ತಲಲ್ಲಿ ಯಾರ್ಯಾರ ಹೊಲದಡಿ ಹಾದು
ಇಲ್ಲಿ ಬಂದು ಕೂತಿದೆ, ಚಹಾಕ್ಕೆ.

ಹತ್ತೊಂಬತ್ತನೆಯ ದಿನ ದಕ್ಷಿಣದಿಂದ ಫೋನು.
ಪೊಟ್ಟಣ ಕಟ್ಟದ ಊರು, ಗುಡ್ಡದ ಆಚೆ,
ನಕ್ಷೆಯ ಪ್ರಕಾರ ಏರು.
ಬುಡೇನ್ ಸಾಬರ ಬೋರ್‌ವೆಲ್.
"ನನ್ನ ಬಿಳೀ ಹೋರಿ ತೊಳದೆ, ಹಸರಾಗೇತಿ.
ಸಂತಿಗೆ ಹೆಂಗ ಹೊಡಕೊಂಡು ಹೋಗ್ಲಿ ಹೇಳ್ರಿ?"
ಹೋದಾಗ ಹುಡುಗರ ಗುಂಪು, ನಗು,
ನಡುವೆ ಗಂಭೀರವಾಗಿ ಮೆಲುಕುವ ಗಿಳಿಬಣ್ಣದ ಹೋರಿ.
ಸಾಬರು ಮಾತ್ರ ಪೈಪಿನ ಬಾಯಿಯನ್ನೇ ನೋಡುತ್ತಿದ್ದರು.
"ಮೂವತ್ತು ವರ್ಷ ಈ ನೀರು ನನ್ನ ಹೊಲದ್ದು ಅಂತಿದ್ದೆ."

ರಾತ್ರಿ ಬಾರಿಗಿಡದ ಕೆಳಗೆ ಲೆಕ್ಕ:
ಬಿಟ್ಟದ್ದು ನಾಲ್ಕು ಕೆಜಿ.
ಸಿಕ್ಕದ್ದು, ಆ ಒಂದು ವಾರದಲ್ಲಿ, ಒಂದೂ ಕಾಲು.
ಉಳಿದದ್ದಕ್ಕೂ ಕೋಷ್ಟಕದಲ್ಲಿ ಒಂದು ಮನೆಯಿತ್ತು.
ಗೆರೆ ಎಳೆದು ಬಿಟ್ಟೆ.
ಗಾದಿಲಿಂಗಪ್ಪ ಎಲೆಗೆ ಸುಣ್ಣ ಸವರುತ್ತ
"ದಕ್ಷಿಣಕ್ಕಾ?" ಅಂದ. ಎಷ್ಟೋ ಹೊತ್ತು ಸುಮ್ಮನಿದ್ದ.
"ಹಂಗಾದ್ರ ನಮ್ಮಜ್ಜ..."
ಬ್ಯಾಟರಿ ಆರಿಸಿದೆ.
ಮಳೆಯಿರಲಿಲ್ಲ. ಆದರೂ ಕೆಳಗೆ ಎಲ್ಲೋ ಗುಟುಕು.

ಮರುದಿನ ಎಂಟು ಪೊಟ್ಟಣ ಬಿಚ್ಚಿಕೊಂಡೆ.
ಉತ್ತರದ ಒರತೆಯಲ್ಲಿದ್ದದರ
ಇದ್ದಿಲು ಸುರಿದು,
ನಿಂಬೆಹಣ್ಣು ಹಿಡಿಯುವಷ್ಟು ಬಾಯಿ ಅಗಲಿಸಿ
ಅಲ್ಲೇ ಮತ್ತೆ ಕಟ್ಟಿದೆ.