ಎರಡನೇ ಸುತ್ತು

ಮುಹರಕ್‌ನ ಹ್ಯಾಂಗರಿನಲ್ಲಿ ಆಗಸ್ಟ್ ತಿಂಗಳ ರಾತ್ರಿ
ಕಬ್ಬಿಣವೂ ಬೆವರುತ್ತದೆ.
ಏಣಿ ಹತ್ತಿ, ಬಾಲದ ಹೊಟ್ಟೆಯೊಳಗೆ ತಲೆ ತೂರಿಸಿ
ಆ ಉದ್ದ ತಿರುಪಿಗೆ ಗ್ರೀಸ್ ತಿನ್ನಿಸಿದವನು ನಾನು.
ಹಣೆಗೆ ಟಾರ್ಚು, ಬಾಯಲ್ಲಿ ಚಿಂದಿ ಬಟ್ಟೆ,
ಕೆಳಗಿನಿಂದ ವಿಜೇರತ್ನನ ಕೂಗು: ಆಯ್ತಾ, ಆಯ್ತಾ.

ನನ್ನ ಮುಂಗೈಯಷ್ಟು ದಪ್ಪದ ತಿರುಪು.
ಒಂದು ಬೆರಳು ಸರಿದರೆ ಬಾಲದ ರೆಕ್ಕೆ ಬಾಗುತ್ತದೆ,
ರೆಕ್ಕೆ ಬಾಗಿದರೆ ಮೂತಿ ಏಳುತ್ತದೆ.
ನೂರ ನಲವತ್ತೊಂದು ಜನರ ಆಕಾಶ ನಿಂತಿರುವುದು
ಅದರ ಹಲ್ಲುಗಳ ಸಂದಿನಲ್ಲಿ.

ಕೈಯಿಂದ ತಿರುಗಿಸಿ ನೋಡಿದೆ.
ಮೊದಲ ಸುತ್ತು ಬೆಣ್ಣೆ.
ಎರಡನೆಯದರಲ್ಲಿ ಎಲ್ಲೋ ಒಂದಿಷ್ಟು ಕಚ್ಚಿತು,
ಗಂಜಿ ಉಣ್ಣುವಾಗ ಹಲ್ಲಿಗೆ ಸಿಕ್ಕ ಹರಳಿನಷ್ಟು,
ಅಷ್ಟೇ.
ಮೂರನೆಯದು ಮತ್ತೆ ಬೆಣ್ಣೆ.
ಗಂಟೆ ನಾಲ್ಕು ಹತ್ತು. ಸಹಿ ಹಾಕಿದೆ.

ಆರೂಕಾಲಿಗೆ ಹಾರಿತು.
ಆರೂವರೆಗೆ ಬಾಲ ಮಾತು ಕೇಳುವುದನ್ನು ಬಿಟ್ಟಿತು.

ರೇಡಿಯೋ ಕೋಣೆಗೆ ಕರೆ ಬಂದಾಗ
ಗ್ರೀಸ್ ಇನ್ನೂ ಉಗುರಿನಲ್ಲೇ ಇತ್ತು.
ಕ್ಯಾಪ್ಟನ್ ಹೆಸ್ಸಾ. ಮುಖ ಕಂಡದ್ದಿಲ್ಲ,
ಮಾತಿನ ನಡುನಡುವೆ ಏದುಸಿರು ಮಾತ್ರ.
ಇಬ್ಬರೂ ಸೇರಿ ದಂಡವನ್ನು ಎದೆಗೆ ಎಳೆದು ಹಿಡಿದಿದ್ದಾರಂತೆ,
ಬಿಟ್ಟರೆ ಮೂತಿ ನೀರಿಗೆ.

"ರಾತ್ರಿ ಮುಟ್ಟಿದ್ದು ನೀನಾ?"
ಹೌದು.
"ಕೈಗೆ ಭಾರ ಬಂತಾ, ಎಲ್ಲಾದರೂ?"

ಕೋಣೆಯಲ್ಲಿ ಏಳು ಜನ. ವಿಜೇರತ್ನ ನೆಲ ನೋಡಿದ.
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು.
ಇಲ್ಲ ಅನ್ನಲು ನಮ್ಮಲ್ಲಿ ಎರಡಕ್ಷರ,
ಈ ಊರಲ್ಲಿ ಒಂದೇ: ಲಾ.
ವೀಸಾ ನೆನಪಾಯಿತು. ತಂಗಿಯ ನರ್ಸಿಂಗ್ ಫೀಸು.
"ಎರಡನೇ ಸುತ್ತಿನಲ್ಲಿ ಕಚ್ಚಿತು" ಅಂದೆ.
"ಬರೆಯಲಿಲ್ಲ, ಬರೆಯಬೇಕಿತ್ತು.
ಮೇಡಂ, ಇನ್ನು ಮೋಟಾರು ಒತ್ತಬೇಡಿ,
ಹಲ್ಲು ಸವೆದಿದ್ದರೆ ಮುಂದಿನ ತಿರುವಿಗೆ ಕಳಚೀತು.
ಎಲ್ಲಿ ನಿಂತಿದೆಯೋ ಅಲ್ಲೇ ನಿಲ್ಲಲಿ."

ಬರೀ ಗಾಳಿಯ ಸದ್ದು.
ಆಮೇಲೆ, "ಸರಿ. ಮುಟ್ಟುವುದಿಲ್ಲ."
ಬೈಗುಳಕ್ಕೆ ಕಿವಿಯೊಡ್ಡಿ ನಿಂತಿದ್ದೆ. ಬರಲಿಲ್ಲ.

ಗಂಗೊಳ್ಳಿಯ ಅಳಿವೆಯಲ್ಲಿ ಒಮ್ಮೆ
ಅಪ್ಪಯ್ಯನ ದೋಣಿಯ ಚುಕ್ಕಾಣಿ ಮುರಿದಿತ್ತು.
"ಎಲ್ಲ ಹಿಂದ್ ಬನಿ, ಅಲ್ಲಾಡ್ದೆ ಕೂಕಣಿ" ಅಂದವನು
ಹನ್ನೊಂದು ಮೈಗಳ ತೂಕದಿಂದ ದೋಣಿಯ ಮೂತಿ ಎತ್ತಿ
ಹುಟ್ಟೊಂದರಲ್ಲೇ ಅಲೆ ದಾಟಿಸಿದ್ದ.
ದೋಣಿಯ ಬುದ್ಧಿಯನ್ನು ಜೆಟ್ಟಿಗೆ ಹೇಳುವುದುಂಟೆ?
ನಾಲಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಆಕೆಯೇ ಅಂದಳು:
ಮುಂದಿನ ಸಾಲುಗಳನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ.
ಅಗಲ ಸೀಟಿನ ದಿನಾರುಗಳು ಎದ್ದು ಹೋಗಿ
ಶೌಚದ ಬಾಗಿಲ ಬಳಿ, ಗಾರೆ ಕೆಲಸದವರ ಮಗ್ಗುಲಲ್ಲಿ
ಮೊಣಕಾಲು ಮಡಚಿ ಕೂತವಂತೆ.
ಇಂದು ಬೇಕಿದ್ದದ್ದು ತೂಕ.

ಎರಡು ಗಂಟೆ ಕಾಲ, ಎಣ್ಣೆ ಸುಟ್ಟು ಹಗುರಾಗುತ್ತ,
ಹಳೆಯ ಮುತ್ತಿನ ದಿಬ್ಬಗಳ ಮೇಲೆ ಸುತ್ತಿದರು.
ಹಿಂದೆ ಅಲ್ಲಿ ಮುಳುಗಿದವನ ಹಗ್ಗ ಹಿಡಿದು
ಒಬ್ಬ ದೋಣಿಯಲ್ಲೇ ನಿಂತಿರುತ್ತಿದ್ದನಂತೆ,
ಜಗ್ಗಿದರೆ ಎಳೆಯಲು.
ನನ್ನ ಕೈಯಲ್ಲಿ ಹಗ್ಗವಿರಲಿಲ್ಲ.

ಎಂಟೂ ಐವತ್ತಕ್ಕೆ ಬಂತು,
ಬರಬೇಕಾದ್ದಕ್ಕಿಂತ ಜೋರಾಗಿ, ಚಪ್ಪಟೆಯಾಗಿ,
ಚಕ್ರಗಳಿಂದ ಹೊಗೆ ಕಾರುತ್ತ.
ರನ್‌ವೇ ಮುಗಿಯಲು ಸ್ವಲ್ಪವೇ ಇರುವಾಗ ನಿಂತಿತು.
ಯಾರೋ ಚಪ್ಪಾಳೆ ತಟ್ಟಿದರು.
ವಿಜೇರತ್ನ ಬಕೆಟ್ಟಿನ ನೀರು ಚೆಲ್ಲಲು ಹೊರಗೆ ಹೋದವನು
ಬಹಳ ಹೊತ್ತು ಬರಲಿಲ್ಲ.

ಮಧ್ಯಾಹ್ನ ತಿರುಪು ಬಿಚ್ಚಿದೆವು.
ಗ್ರೀಸಿನ ತುಂಬ ಕಂಚಿನ ಪುಡಿ, ಅರಿಸಿನದಂತೆ.
ಆಕೆ ಬಂದಳು. ಗಿಡ್ಡ ಹೆಂಗಸು. ತೋಳು ಇನ್ನೂ ನಡುಗುತ್ತಿತ್ತು,
ಎರಡೂ ಕೈಯಲ್ಲಿ ಹಿಡಿದರೂ ಲೋಟದ ಚಹಾ ತುಳುಕಿತು.
ಲೋಟ ಕೆಳಗಿಟ್ಟು, ಹಲ್ಲುಗಳ ಹಾದಿಯಲ್ಲಿ ಉಗುರು ಓಡಿಸಿದಳು.
ಒಂದು ಸುತ್ತು. ಇನ್ನೊಂದು.
ನಿಂತಳು.
"ಇಲ್ಲಿ" ಅಂದಳು.
ತಲೆಯಾಡಿಸಿದೆ.

ನನ್ನ ಪರವಾನಗಿ ಈಗ
ಯಾರದೋ ಮೇಜಿನ ಡ್ರಾಯರಿನಲ್ಲಿದೆ, ಆರು ತಿಂಗಳು.
ಅಲ್ಲಿಯವರೆಗೆ ನಾನು ಏಣಿ ಹಿಡಿಯುವವನು.
ಮೇಲಿರುವ ಹುಡುಗ ಆಯ್ತು ಅನ್ನುತ್ತಾನೆ, ಇಳಿಯಲು ಕಾಲು ಚಾಚುತ್ತಾನೆ.
ನಾನು ಏಣಿ ಬಿಡುವುದಿಲ್ಲ, ಕೇಳುತ್ತೇನೆ:
ಎರಡನೇ ಸುತ್ತು ಹೇಗಿತ್ತು?