ತಾಯಿ ಕೇಳು

ಹುರಿ ಈದದ್ದು ಮಂಗಳವಾರ ಬೆಳಗಿನ ಜಾವ,
ಶೇಂಗಾ ಹೊಟ್ಟಿನ ಮೂಲೆಯಲ್ಲಿ. ಏಳು ಮರಿ.
ತಾತ ದೀಪ ಹಚ್ಚಲಿಲ್ಲ, ಕತ್ತಲಲ್ಲೇ ಬೆರಳಾಡಿಸಿ ಎಣಿಸಿದ:
ನಾಲ್ಕು ಹೆಣ್ಣು, ಎರಡು ಗಂಡು,
ಇನ್ನೊಂದು ಉಸಿರು ಹಿಡಿಯದೆ ತಣ್ಣಗಾಗಿತ್ತು.
ಅದನ್ನು ತಂಗಡಿ ಗಿಡದ ಬುಡಕ್ಕೆ ಒಯ್ದು ಬಂದು
ಕೈ ತೊಳೆಯದೆ ಬೀಡಿ ಹಚ್ಚಿದ.

ತಿಂಗಳಿಗೆ ಪರೀಕ್ಷೆ.
ಒಂದೊಂದನ್ನೇ ಕುತ್ತಿಗೆ ಚರ್ಮ ಹಿಡಿದೆತ್ತಿ
ಬಿಸಿಲ ಬಂಡೆ ಮೇಲೆ ಬಿಡುತ್ತಾನೆ.
ಕುಂಯ್ ಎಂದರೆ ಅನ್ನಲಿ, ಅದು ತಪ್ಪಲ್ಲ.
ನೋಡುವುದು ಬಾಲದ ಬುಡ, ಮುಂಗಾಲ ಗಂಟು,
ಪಕ್ಕೆಗೂ ತೊಡೆಗೂ ನಡುವೆ
ಮುಂದೆ ಗೇಣುದ್ದ ಖಾಲಿ ಬಂದೀತೋ ಎಂಬುದು.
"ನಾಯಿ ಕಾಲಾಗೆ ಓಡಲ್ಲ ಕಣವ್ವಾ,
ಆ ಖಾಲೀಲಿ ಓಡ್ತೈತೆ."

ಈಗ ಓಡಲು ಎಲ್ಲಿದೆ? ಯುಗಾದಿ ಬ್ಯಾಟೆ ನಿಂತಿದ್ದು
ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲು.
ಅಟ್ಟದ ಮೇಲಿನ ಬಲೆಯಲ್ಲಿ ಇಲಿ ಸಂಸಾರ ಹೂಡಿದೆ.
ಗುಡ್ಡದ ನೆತ್ತಿಯಲ್ಲಿ ಗಾಳಿ ಫ್ಯಾನು ತಿರುಗುತ್ತವೆ,
ಅವುಗಳ ರೆಕ್ಕೆಯ ನೆರಳು ಹೊಲದಲ್ಲಿ ಹಾದರೆ
ಹುರಿ ಬೆನ್ನು ಹತ್ತುತ್ತಾಳೆ.
ಬದುವಿಗೆ ಬಂದು ನಿಂತು
ನೆರಳು ಬಾಯಿಗೆ ಸಿಗದ ಸಿಟ್ಟಿಗೆ
ನಮ್ಮ ಮೇಲೆ ಬೊಗಳುತ್ತಾಳೆ.

ದಾವಣಗೆರೆಯಿಂದ ಕಾರು ಬಂತು.
ಮಂಡಕ್ಕಿ ಭಟ್ಟಿಯ ನಿಸಾರ್ ಸಾಹೇಬರು
ಮರಿಯ ಕಿವಿ ಮಡಚಿ, ಒಸಡು ಒತ್ತಿ, ಕೇಳಿದರು:
"ಇದರಪ್ಪ ಯಾವುದು? ಕಾಗದ ಐತಾ?"
"ಅಪ್ಪ ಚಳ್ಳಕೆರೆ ಕಡೇನು. ಒಳ್ಳೇನೇ.
ಅದಿರ್ಲಿ, ತಾಯಿ ಕೇಳು."

ಕಣ್ಣು ಮುಚ್ಚಿ ಶುರುಮಾಡಿದ.
ಹುರಿಯ ತಾಯಿ ಚೂರಿ, ಹಲ್ಲೂರದೆ
ಮೊಲವನ್ನು ಮಗುವಿನಂತೆ ತಂದವಳು.
ಚೂರಿಯ ತಾಯಿ ಒಂಟಿಗಣ್ಣು ಕೆಂದಿ,
ಇನ್ನೊಂದನ್ನು ಹಂದಿಯ ಕೋರೆಗೆ ಕೊಟ್ಟಳು.
ಕೆಂದಿಯ ತಾಯಿ ಬಾಣಿ. ಬಾಣಿಯ ತಾಯಿ ಹಳೇ ಹುರಿ.
ಹೀಗೇ ಇಳಿಯುತ್ತಾ ಸಿಡ್ಲಿ,
ಸಿಡ್ಲಿಯ ತಾಯಿ ಜೋಳಿ,
ಗಡಿಯಾಚೆಯ ಕುರಿಯವರಿಂದ
ಒಂದು ಚೀಲ ಜೋಳಕ್ಕೆ ಬಂದವಳು. ಒಟ್ಟು ಒಂಬತ್ತು ತಲೆ.
ನಾನು ನೋಟ್‌ಬುಕ್ಕಿನಲ್ಲಿ ಬರೆದು ಹಾಳೆ ಹರಿದೆ.
ತಾತ ಹೆಬ್ಬೆಟ್ಟು ಒತ್ತಿದ.
ಸಾಹೇಬರು ಅದನ್ನು ಮಡಚಿ
ದುಡ್ಡಿಗಿಂತ ಒಳಗಿನ ಜೇಬಿನಲ್ಲಿಟ್ಟರು.

ಕಾರಿನ ಹಿಂದೆ ಹುರಿ, ಮೈಲಿಗಲ್ಲಿನವರೆಗೆ.
ಹೊಟ್ಟೆ ಬೆನ್ನಿಗೆ ಹತ್ತಿ, ನಾಲ್ಕೂ ಕಾಲು ನೆಲ ಬಿಟ್ಟು,
ಹಾಲಿನ ಮೊಲೆ ಅತ್ತಿತ್ತ ಬಡಿಯುತ್ತಾ.
ಈ ವರ್ಷ ಅವಳು ಪೂರಾ ಓಡಿದ್ದು
ಅದೊಂದೇ ಸಲ.

ರಾತ್ರಿ ಮುದ್ದೆ ಕಟ್ಟುತ್ತಾ ಕೇಳಿದೆ:
"ನಿಮ್ಮವ್ವ ತಿಮ್ಮಕ್ಕ. ಅವಳವ್ವನ ಹೆಸರೇನು?"
ತಾತ ಬಾಯಿ ತೆರೆದ. ಮುಚ್ಚಿದ.
"ದೊಡ್ಡವ್ವ ಅಂತಿದ್ವಿ."
"ಅದು ಹೆಸರಾ?"
"ದೊಡ್ಡವ್ವ ಅಂತಾನೇ ಅಂತಿದ್ವಿ."
ತುತ್ತು ಸಾರಿನಲ್ಲಿ ಅದ್ದಿ ಹಾಗೇ ಹಿಡಿದಿದ್ದ.

ಮಲಗಿ ಎಷ್ಟೋ ಹೊತ್ತಿನ ಮೇಲೆ ಕತ್ತಲಿಂದ ಕೂಗು:
"ಏ ನಾಗವೇಣೀ. ಸಿಡ್ಲಿ ಈದಾಗ ಹಾಲು ಇಳೀಲಿಲ್ಲ.
ಸೆರಗಿನ ತುದಿ ಮೇಕೆ ಹಾಲಿಗೆ ಅದ್ದಿ ಅದ್ದಿ
ದೊಡ್ಡವ್ವನೇ ಮರಿ ಸಾಕಿದ್ಲು.
ಅಜ್ಜ ಬಾಗಿಲಾಗೆ ನಿಂತು ಬೈಯೋನು:
'ಮಕ್ಕಳಿಗಿಲ್ಲದ ಹಾಲು ನಾಯಿಗೇನೇ, ಕಾಟೀ?'
ಕಾಟಿ ಅಂದ. ಕಾಟಕ್ಕ ಇರಬೇಕು.
ಬರಕೋ."

ಬರೆದ ಹಾಳೆ ದಾವಣಗೆರೆಗೆ ಹೋಗಿಯಾಗಿತ್ತು.
ಅದರಡಿಯ ಖಾಲಿ ಹಾಳೆಯನ್ನು
ಬಲ್ಬಿನ ಬೆಳಕಿಗೆ ಓರೆ ಹಿಡಿದೆ.
ಪೆನ್ನು ಒತ್ತಿದ ಗೀರುಗಳಲ್ಲಿ ಒಂಬತ್ತು ನಾಯಿಗಳೂ
ಬಣ್ಣವಿಲ್ಲದೆ ಮಲಗಿದ್ದವು, ಒಂದರ ಕೆಳಗೊಂದು.
ಸಿಡ್ಲಿಯ ಮಗ್ಗುಲಿಗೆ, ಇದ್ದ ಜಾಗದಲ್ಲಿ,
ನೀಲಿ ಶಾಯಿಯಲ್ಲಿ ಕಾಟಕ್ಕ.

ಹೊರಗೆ ಹುರಿ ಇನ್ನೂ ಮಲಗಿರಲಿಲ್ಲ.
ಐದನ್ನೂ ಮೂಸಿ
ಮತ್ತೆ ಮೊದಲಿಂದ ಮೂಸುತ್ತಿದ್ದಳು.