ಅಡ್ಡಪಟ್ಟಿ

ಮುಂಬೈಯಿಂದ ಬಂತು ಪಾರ್ಸೆಲ್ಲು.
ಹತ್ತಿಯೊಳಗ ಮಲಗಿಸಿದ ಕೆಪಾಸಿಟರು,
ಬಟಾಣಿ ಕಾಳಿಗಿಂತ ಒಂಚೂರು ದೊಡ್ಡದು,
ಎರಡು ಸಾವಿರದ ಎಂಟುನೂರು.
ಬಸಲಿಂಗವ್ವಗ ಹೇಳೂಮುಂದ ಒಂದು ಸೊನ್ನಿ ನುಂಗಿದೆ.
"ಇನ್ನೂರಾ ಎಂಬತ್ತು? ಇದಕ್ಕ?" ಅಂದಳು.
ಇನ್ನೊಂದು ನುಂಗಬೇಕಿತ್ತು.

ಸ್ಪೀಕರಿನ ಡಬ್ಬಿ ಬಿಚ್ಚಿ, ಹಳೇದರ ಬಗಲಾಗ ಹೊಸಾದನ್ನ
ಹೊಂದಿಸಿಟ್ಟು ಬೆಸುಗಿ ಹಾಕಿದೆ,
ಕನ್ನಡಕದ ಮ್ಯಾಲ ಕನ್ನಡಕ ಏರಿಸಿ, ಉಸಿರು ಹಿಡದು.
ಹೆಂಗೂ ಬಿಚ್ಚೈತಲ್ಲ ಅಂತ ಕಾಳಪ್ಪ ಬಡಿಗೇರ
ಒಳಗ ಒಂದು ಸಾಗವಾನಿ ತುಂಡು ಅಡ್ಡ ಕೊಟ್ಟು ಬಡದ.
"ಗೋಡಿ ಭಾಳ ಅದರತಾವರಿ ನಿಮ್ಮ ಡಬ್ಬೀವು."
ಎಂಬತ್ತು ರೂಪಾಯಿ. ಆಮ್ಯಾಲ ಕೊಡತೀನಿ ಅಂದೆ.
ಚಾ ಕುಡದು ಹೋದ.

ರವಿವಾರ ಸಂಜಿಮುಂದ ಬಂದ್ರು ಕೇಳಾವ್ರು, ನಮ್ಮ ಬೆಟಗೇರಿ ಮನಿಗೆ.
ಗದಗಿನಿಂದ ದಾವಲಸಾಬ,
ಮೂವತ್ತು ವರ್ಷ ಕ್ಯಾಸೆಟ್ ತುಂಬಿಸಿಕೊಟ್ಟ ಕಿವಿ.
ಪೋತದಾರ ಮಾಸ್ತರು, ತಬಲಾ ಕಲಸಾವ್ರು,
ಸುಮ್ಮನ ಕುಂತಾಗೂ ತೊಡಿಮ್ಯಾಲ ಬೆರಳು ಆಡಸಾವ್ರು.
ಕರೀಲಾರದ ಬಂದಾಂವ ಬಾಜೂಮನಿ ಅಂದಾನೆಪ್ಪ,
ನಾಲ್ವತ್ತು ವರ್ಷದಾಗ ಅರ್ಧ ಕಿವಿ
ಮಗ್ಗಕ್ಕ ಕೊಟ್ಟಾಂವ,
ಚಾದ ವಾಸನಿಗೆ ಬಂದಾಂವ.

ಹಚ್ಚಿದೆ. ಯಮನ್. ಬರೇ ಸಾರಂಗಿ.
ದಾವಲಸಾಬ ಕಣ್ಣು ಮುಚ್ಚಿದ.
"ಪರದೆ ಸರೀತು ನೋಡು," ಅಂದ, ಭಾಳ ಹೊತ್ತಿನ ಮ್ಯಾಲ.
ಮಾಸ್ತರು: "ಸ್ವರಾ ಸ್ವರಾ ನಡುವ ಜಾಗಾ ಹುಟ್ಟೇದ.
ಮೊದಲ ಸಂತಿ ಇತ್ತು, ಈಗ ಗುಡಿ ಅಂಗಳ."
ನಾ ಏನೂ ಅನ್ನಲಿಲ್ಲ. ಎರಡು ಸಾವಿರದ ಎಂಟುನೂರು
ತಾನ ಮಾತಾಡಾಕತ್ತಿತ್ತು.
ನನಗೂ ಕೇಳಿಸ್ತು, ಆಣಿ ಮಾಡಿ ಹೇಳತೀನಿ,
ಕಮಾನು ತಿರುಗೂಮುಂದ ಬಾರಿಸಾಂವ
ಮೂಗಿನಾಗ ಎಳಕೊಂಡ ಉಸಿರು.

ಬಸಲಿಂಗವ್ವ ಚುರುಮುರಿ ತಂದಿಟ್ಟಳು.
"ನಿನಗ ಏನನಿಸ್ತು?"
"ಸ್ಟ್ಯಾಂಡಿನ್ಯಾಗಿನ ತಾಟು ಇವತ್ತ ಸಪ್ಪಳ ಮಾಡಲಿಲ್ಲ."
"ಅದಲ್ಲ," ಅಂದೆ.

ಅಂದಾನೆಪ್ಪ ಎದ್ದ. ಹೊಂಟ ಅಂತ ತಿಳದ್ರ
ಡಬ್ಬಿಯ ಬಗಲಿಗೆ ಅಂಗೈ ಇಟ್ಟ,
ಗಬ್ಬದ ಆಕಳ ಹೊಟ್ಟಿ ಮುಟ್ಟಿದಂಗ.
ತುಸು ಹೊತ್ತು ಹಂಗ ನಿಂತ.
"ನಡುಗೂದು ನಿಂತೈತಿ!"
ಕಿವುಡರು ಮಾತಾಡೂ ಹಂಗ, ಓಣಿಗೆಲ್ಲ ಕೇಳೂವಷ್ಟು ಜೋರ.
ಎಲ್ಲಾರೂ ನಕ್ಕರು. ನಾನೂ.

ಬುಧವಾರ ಧೂಳಾ ಹೊಡ್ಯಾಕ ಬಿಚ್ಚಿದೆ.
ಕೆಪಾಸಿಟರಿನ ಒಂದು ಕಾಲು ಗಾಳಿಯಾಗ.
ಬೆಸುಗಿ ಹಿಡದೇ ಇಲ್ಲ.
ಮದಿವಿಗೆ ಬಂದ ಬೀಗರಂಗ ಮೂರು ದಿನ
ದುಡೀಲಾರದ ಕುಂತಿತ್ತು, ಮರ್ಯಾದಿ ತಗೊಂಡು.

ಹೇಳಿದೆ. ಆಕಿ ಅಕ್ಕಿ ಆರಿಸಾಕತ್ತಿದ್ಲು.
"ರವಿವಾರ ಅಮಾಸಿ ಇತ್ತು," ಅಂದಳು, ತಲಿ ಎತ್ತಲಾರದ.

ಅಮಾಸಿ.
ಓಣಿಯ ಹದಿನಾರು ಮಗ್ಗ
ಪೂಜಿ ಮಾಡಿಸಿಕೊಂಡು ಮಲಗಿದ್ವು.
ಲಾಳಿ ಓಡಿರಲಿಲ್ಲ.
ಹುಟ್ಟಿದಾಗಿಂದ ಕೇಳಿ ಕೇಳಿ ಕೇಳದಂಗಾದ ಸಪ್ಪಳ
ನಿಂತದ್ದೂ ನಮಗ ಕೇಳಿಸಿರಲಿಲ್ಲ.

ಈಗ ಬೆಸುಗಿ ಹಾಕೀನಿ, ಎರಡೂ ಕಾಲಿಗೆ, ಜಗ್ಗಿ ನೋಡಿ.
ಹಚ್ಚಿದೆ. ಅದ ಯಮನ್, ಅದ ಸಾರಂಗಿ, ಹೊರಗ ಮಗ್ಗ.
ಬಾರಿಸಾಂವ ಉಸಿರಾಡಲಿಲ್ಲ.
ಎದ್ದು ಹೋಗಿ ಡಬ್ಬಿಗೆ ಅಂಗೈ ಇಟ್ಟೆ.
ಯಾರೂ ಇರಲಿಲ್ಲ ಮನ್ಯಾಗ.

ರಾತ್ರಿ ದಾವಲಸಾಬನ ಫೋನು:
"ಅದನ್ನ ಮತ್ತ ಮುಟ್ಟಬ್ಯಾಡ, ಹಂಗ ಇರಲಿ.
ಮುಂದ ಯಾವಾಗ ಕೂಡೂದು?"
ಗೋಡಿಯ ಕ್ಯಾಲೆಂಡರಿನಾಗ ಕರೇ ಚಂದ್ರ ಇದ್ದ ಮನಿ ಹುಡಕಿ
"ಇಪ್ಪತ್ತೊಂಬತ್ತಕ್ಕ," ಅಂದೆ.

ಕಾಳಪ್ಪನ ಎಂಬತ್ತು ರೂಪಾಯಿ ಇನ್ನೂ ಕೊಡೂದೈತಿ.